ಲಾರಿಯ ಇಂಧನ ನಿಯಂತ್ರಣ: ತೂಕದ ಗುಂಡಿನಿಂದ ಗಣಕದವರೆಗೆ

ಮಂಗಳೂರಿನಿಂದ ಪಣಂಬೂರು ಬಂದರಿಗೆ ಸಾಗುವ ಲಾರಿಗಳು ಕೂಳೂರಿನಲ್ಲಿ ಫಲ್ಗುಣಿ ನದಿಯನ್ನು ದಾಟುತ್ತವೆ. ಆಗ ಎಂಜಿನ್‌ಗೆ ಎಷ್ಟು ಡೀಸೆಲ್ ಬೇಕೆಂಬುದನ್ನು ನಿರ್ಧರಿಸುವುದು ಯಾವುದು?

1927ರಲ್ಲಿ ಜರ್ಮನಿಯ ಬಾಷ್ ಕಂಪನಿ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. 1951ರಲ್ಲಿ ಸ್ಥಾಪನೆಯಾದ ಮೈಕೊ ಅವನ್ನು ಬೆಂಗಳೂರಿನಲ್ಲಿ ತಯಾರಿಸಿತು. ಪಂಪಿನ ಗವರ್ನರ್‌ನಲ್ಲಿ ತಿರುಗುವ ತೂಕಗಳು, ವೇಗ ಹೆಚ್ಚಿದಂತೆ ಹೊರಕ್ಕೆ ಸರಿದು ಇಂಧನವನ್ನು ತಗ್ಗಿಸುತ್ತಿದ್ದವು. ಜೇಮ್ಸ್ ವಾಟ್ ಉಗಿಯಂತ್ರಕ್ಕೆ ಅಳವಡಿಸಿದ ತತ್ತ್ವವೇ ಇದು. ದೋಷವಿದ್ದರೆ ಬಿಚ್ಚಿ ನೋಡಬಹುದಿತ್ತು.

1997ರಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲ್ ವ್ಯವಸ್ಥೆ ಲಾರಿಗಳಿಗೂ ಹಬ್ಬಿತು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾಯಿತು. ಈಗ ಸಂವೇದಕಗಳ ವೋಲ್ಟೇಜನ್ನು ಓದಿ ಇಂಧನವನ್ನು ಅಳೆಯುವುದು ಎಲೆಕ್ಟ್ರಾನಿಕ್ ಘಟಕ. ಅದರ ದೋಷ ಕಣ್ಣಿಗೆ ಕಾಣದು. ಹಾಗಾಗಿ ಲಾರಿ ನಿಂತರೆ ಮೊದಲು ಆರೋಪ ಬರುವುದು ಈ ದುಬಾರಿ ಪೆಟ್ಟಿಗೆಯ ಮೇಲೆ.

ಆದರೆ ಕಡಲ ಉಪ್ಪುಗಾಳಿಗೆ ಅರ್ತಿಂಗ್ ಸಂಪರ್ಕವೂ ತುಕ್ಕು ಹಿಡಿಯುತ್ತದೆ. ಅಲ್ಲಿ ಕೇವಲ 0.1 ಓಮ್ ರೋಧವಿದ್ದು 20 ಆಂಪಿಯರ್ ಹರಿದರೆ 2 ವೋಲ್ಟ್ ನಷ್ಟ. ಒಂದು ಸಂವೇದಕ ಶಾರ್ಟ್ ಆದರೂ, ಘಟಕ ಒದಗಿಸುವ 5 ವೋಲ್ಟ್ ಕುಸಿದು ಉಳಿದ ಸಂವೇದಕಗಳೂ ಸುಳ್ಳು ಹೇಳಬಹುದು. ಆದ್ದರಿಂದ ದೋಷಸಂಕೇತ ಓದುವುದು ತಪಾಸಣೆಯ ಆರಂಭವಷ್ಟೇ. ಬ್ಯಾಟರಿ, ಫ್ಯೂಸ್, ಅರ್ತಿಂಗ್, ತಂತಿ, ಸಂವೇದಕಗಳು ಸರಿಯಿದ್ದರೆ ಮಾತ್ರ ಘಟಕವನ್ನು ಶಂಕಿಸಬೇಕು. ಬದಲಿಸಿದರೂ, ಹೊಸದಕ್ಕೆ ಆ ವಾಹನದ ಮತ್ತು ಇಂಜೆಕ್ಟರ್‌ಗಳ ಮಾಹಿತಿ ತುಂಬಬೇಕಾಗುತ್ತದೆ.

ಗವರ್ನರ್ ಕಾಲದಲ್ಲಿ ಮೆಕ್ಯಾನಿಕ್‌ಗೆ ಕೇಂದ್ರಾಪಗಾಮಿ ಬಲದ ಅರಿವು ಸಾಕಿತ್ತು. ಇಂದು ಓಮನ ನಿಯಮವೂ ಬೇಕು. ಎರಡೂ ನಮ್ಮ ಪಠ್ಯಪುಸ್ತಕಗಳಲ್ಲೇ ಇವೆ.