ಅರಗಿನ ತಟ್ಟೆಯಲ್ಲಿ ಮುಂಬಯಿ ಜಾಝ್

ಹಳೆಯ ಗ್ರಾಮಫೋನ್ ಪ್ಲೇಟುಗಳ ಹುಚ್ಚಿನವರಲ್ಲಿ ಎರಡು ಪಂಗಡ. ಒಂದು ಪಂಗಡದವರು ಪ್ಲೇಟು ಕೈಗೆ ಬಂದ ಕೂಡಲೇ ಬೆಳಕಿಗೆ ಹಿಡಿದು ಗೀರು ಎಷ್ಟಿದೆ ಎಂದು ನೋಡುತ್ತಾರೆ. ಇನ್ನೊಂದು ಪಂಗಡದವರು ಮೊದಲು ಲೇಬಲ್ ಓದುತ್ತಾರೆ. ನಾನು ಎರಡನೆಯವರ ಪೈಕಿ. ವರ್ಷಗಟ್ಟಲೆ ಬ್ಯಾಂಕಿನಲ್ಲಿ ವೋಚರು ನೋಡಿ ನೋಡಿ ಅಂಟಿದ ಚಾಳಿ ಇರಬೇಕು. ಯಾರ ಹೆಸರಿಗೆ, ಯಾವ ತಾರೀಖು, ಸಹಿ ಎಲ್ಲಿ?

ಮುಂಬಯಿಯ ಚೋರ್ ಬಜಾರಿನಲ್ಲಿ ಸಿಗುವ ಹಳೆಯ ಪ್ಲೇಟುಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಅರ್ಧಂಬರ್ಧ. ಹಾಡಿನ ಸಾಲಿದೆ, ಸಿನಿಮಾದ ಹೆಸರಿದೆ, ಸಂಗೀತ ನಿರ್ದೇಶಕರ ಹೆಸರಿದೆ. ನಡುವೆ ಮೈ ಜುಮ್ಮೆನ್ನುವ ಹಾಗೆ ಟ್ರಂಪೆಟ್ ಊದಿದ್ದಾನಲ್ಲ, ಅವನು ಯಾರು? ಅದು ಮಾತ್ರ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಈ ನಗರದ ಜಾಝ್ ಸಂಗೀತದ ಬಹುಪಾಲು ಇನ್ನೂ ಸಸ್ಪೆನ್ಸ್ ಅಕೌಂಟಿನಲ್ಲೇ ಕೂತಿದೆ. ಹಣ ಜಮಾ ಆಗಿದೆ, ಯಾರದ್ದೆಂದು ಬರೆದಿಲ್ಲ.

ಮೊದಲು ಪ್ಲೇಟಿನ ಮಾತು ಮುಗಿಸುತ್ತೇನೆ. ಈಗ ಎಲ್ಲರೂ 'ವಿನೈಲ್' ಅನ್ನುತ್ತಾರೆ. ಆದರೆ ಹಳೆಯ 78 ಆರ್‌ಪಿಎಂ ಪ್ಲೇಟು ವಿನೈಲ್ ಅಲ್ಲ, ಅರಗು. ಹೌದು, ಪಾಂಡವರಿಗೆ ದುರ್ಯೋಧನ ಮನೆ ಕಟ್ಟಿಸಿದ ಅದೇ ಅರಗು. ಮರದ ಕೊಂಬೆಗೆ ಹತ್ತುವ ಒಂದು ಪುಟ್ಟ ಹುಳದಿಂದ ಬರುವ ಈ ಅಂಟು ಛೋಟಾ ನಾಗಪುರದ ಕಾಡುಗಳಿಂದ ಜಗತ್ತಿಗೆಲ್ಲ ಹೋಗುತ್ತಿತ್ತು. ಅದಕ್ಕೆ ಕಲ್ಲಿನ ಪುಡಿ, ಮಸಿ ಬೆರೆಸಿ ಬಿಸಿಯಲ್ಲಿ ಒತ್ತಿದರೆ ಪ್ಲೇಟು ತಯಾರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅರಗು ಸಿಗದೆ ಅಮೆರಿಕದ ಕಂಪೆನಿಗಳು ಪರದಾಡಿದವು. (ಮನೆಯಲ್ಲಿ 78ರ ಪ್ಲೇಟು ಇದ್ದವರಿಗೆ ಒಂದು ಮಾತು: ಯಾವ ಕಾರಣಕ್ಕೂ ಸ್ಪಿರಿಟ್ ಹಾಕಿ ಒರೆಸಬೇಡಿ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಪ್ಲೇಟಿನ ಜೊತೆ ಹಾಡೂ ಹೋಗುತ್ತದೆ.)

ಹತ್ತಿಂಚಿನ ಈ ಪ್ಲೇಟಿನಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷ, ಅಷ್ಟೇ ಜಾಗ. ಜಾಝ್ ಎಂದರೆ ಮನೋಧರ್ಮದ ಸಂಗೀತ. ಸ್ಥಳದಲ್ಲೇ ಹುಟ್ಟಬೇಕು, ಬೆಳೆಯಬೇಕು. ಮೂರು ನಿಮಿಷದಲ್ಲಿ ಎಷ್ಟು ಬೆಳೆದೀತು? ಡ್ಯೂಕ್ ಎಲಿಂಗ್ಟನ್ 1937ರಲ್ಲಿ ತನ್ನ ಒಂದು ರಚನೆಯನ್ನು ಎರಡು ತುಂಡು ಮಾಡಿ ಪ್ಲೇಟಿನ ಎರಡು ಬದಿಗೆ ಹಂಚಬೇಕಾಯಿತು. 1948ರಲ್ಲಿ ಕೊಲಂಬಿಯಾ ಕಂಪೆನಿ ಹನ್ನೆರಡು ಇಂಚಿನ ಎಲ್‌ಪಿ ತಂದಿತು. 1956ರ ನ್ಯೂಪೋರ್ಟ್ ಉತ್ಸವದಲ್ಲಿ ಅದೇ ರಚನೆಯ ಎರಡು ತುಂಡುಗಳ ನಡುವೆ ಪಾಲ್ ಗೊನ್ಸಾಲ್ವೆಸ್ ಎಂಬ ಸ್ಯಾಕ್ಸೊಫೋನ್ ವಾದಕ ಎದ್ದು ನಿಂತು 27 ಆವರ್ತ ಒಂದೇ ಸಮನೆ ಊದಿದ. ಜನ ಕುರ್ಚಿ ಬಿಟ್ಟೆದ್ದು ಕುಣಿದರು. ಆ ಎಲ್‌ಪಿಯಲ್ಲಿ ಅವನ ನಾದ ಸ್ವಲ್ಪ ದೂರದಿಂದ ಬಂದಂತೆ ಕೇಳುತ್ತದೆ. ಅವನು ಕೊಲಂಬಿಯಾದ ಮೈಕಿನ ಬದಲು ಪಕ್ಕದಲ್ಲಿದ್ದ ವಾಯ್ಸ್ ಆಫ್ ಅಮೆರಿಕಾದ ಮೈಕಿಗೆ ಊದಿದ್ದ! ಹಳೆಯ ಎಲ್‌ಪಿ ಕೇಳುವಾಗ ನನಗೆ ಆ ದೂರವೇ ಇಷ್ಟ.

ಗೊನ್ಸಾಲ್ವೆಸ್ ಎಂದ ಕೂಡಲೇ ಗೋವಾ ನೆನಪಾಯಿತೇ? ಅವನ ಮೂಲ ಗೋವಾ ಅಲ್ಲ, ಕೇಪ್ ವರ್ಡೆ ದ್ವೀಪಗಳು. ಅದೂ ಪೋರ್ಚುಗೀಸರ ವಸಾಹತು, ಹಾಗಾಗಿ ಹೆಸರು ಒಂದೇ. ಇನ್ನು ನಮ್ಮ ಗೊನ್ಸಾಲ್ವೆಸ್‌ಗಳ ಕಡೆಗೆ ಬರೋಣ.

ಮುಂಬಯಿಗೆ ಜಾಝ್ ದೊಡ್ಡದಾಗಿ ಕಾಲಿಟ್ಟದ್ದು 1935ರಲ್ಲಿ. ಲಿಯಾನ್ ಅಬಿ ಎಂಬ ಕಪ್ಪು ಅಮೆರಿಕನ್ ಪಿಟೀಲು ವಾದಕ ತನ್ನ ಬ್ಯಾಂಡಿನೊಂದಿಗೆ ತಾಜ್ ಮಹಲ್ ಹೋಟೆಲಿಗೆ ಬಂದ. ಆ ಬ್ಯಾಂಡಿನಲ್ಲಿದ್ದ ಕ್ರಿಕೆಟ್ ಸ್ಮಿತ್ ಎಂಬ ಟ್ರಂಪೆಟ್ ವಾದಕ ಮುಂದೆ ತನ್ನದೇ ಬ್ಯಾಂಡ್ ಕಟ್ಟಿ 1936ರಲ್ಲಿ ಇಲ್ಲಿ ರೆಕಾರ್ಡ್ ಮಾಡಿದ 'ತಾಜ್ ಮಹಲ್' ಎಂಬ ಫಾಕ್ಸ್‌ಟ್ರಾಟ್‌ನ ಹೆಸರನ್ನೇ ನರೇಶ್ ಫರ್ನಾಂಡಿಸ್ ತಮ್ಮ ಪುಸ್ತಕಕ್ಕೆ ಇಟ್ಟಿದ್ದಾರೆ. ಮುಂಬಯಿ ಜಾಝ್ ಬಗ್ಗೆ ಓದಲೇಬೇಕಾದ ಪುಸ್ತಕ ಅದು. ಆಮೇಲೆ ಬಂದವನು ಪಿಯಾನೋದ ಟೆಡ್ಡಿ ವೆದರ್‌ಫರ್ಡ್. 1926ರಲ್ಲಿ ಷಿಕಾಗೋದಲ್ಲಿ ಅರ್ಸ್ಕಿನ್ ಟೇಟ್ ತಂಡದ ಪ್ಲೇಟಿನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಊದಿದರೆ ಪಿಯಾನೋ ಮುಂದೆ ಇದ್ದವನು ಇವನೇ. ಶಾಂಘಾಯಿ ಸುತ್ತಿ, ತಾಜ್‌ನಲ್ಲಿ ನುಡಿಸಿ, ಕೊನೆಗೆ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲಿನಲ್ಲಿ ನೆಲೆ ನಿಂತ. 1945ರ ಏಪ್ರಿಲ್‌ನಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡ. ಆಗ ವಯಸ್ಸು 41. ಕಲ್ಕತ್ತೆಯಲ್ಲಿ ಅವನು ಕೊಟ್ಟ ರೆಕಾರ್ಡುಗಳು ಉಳಿದಿವೆ.

ಈ ಬ್ಯಾಂಡುಗಳ ಜೊತೆ ಕೂತು ಕಲಿತವರು ಗೋವಾದ ಹುಡುಗರು. ಅವರಿಗೆ ಸ್ವರಲಿಪಿ ಓದುವುದು ನೀರು ಕುಡಿದಷ್ಟು ಸುಲಭ, ಯಾಕೆಂದರೆ ಊರಿನ ಚರ್ಚ್ ಶಾಲೆಯಲ್ಲೇ ಪಿಟೀಲು, ಸ್ವರಾಭ್ಯಾಸ ಎಲ್ಲ ಆಗಿರುತ್ತಿತ್ತು. 1916ರಲ್ಲಿ ಅಲ್ದೋನಾದಲ್ಲಿ ಹುಟ್ಟಿದ ಆಂಟೋನಿಯೊ ಝೇವಿಯರ್ ವಾಝ್ ಮುಂಬಯಿಯಲ್ಲಿ 'ಚಿಕ್ ಚಾಕೊಲೇಟ್' ಆದ. ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎಂದೇ ಜನ ಕರೆದರು.

ಸ್ವಾತಂತ್ರ್ಯ ಬಂತು. ಹೋಟೆಲಿನಲ್ಲಿ ಕುಣಿಯುತ್ತಿದ್ದ ಬಿಳಿಯರು ಹಡಗು ಹತ್ತಿದರು. ಹಿಂದೆಯೇ 1949ರ ಮುಂಬಯಿ ಪಾನನಿಷೇಧ ಕಾಯ್ದೆ ಬಂತು. ಗ್ಲಾಸು ಖಾಲಿಯಾದ ಮೇಲೆ ಬ್ಯಾಂಡಿಗೆ ಸಂಬಳ ಕೊಡುವವರು ಯಾರು? ವಾದ್ಯಗಾರರು ಸಿನಿಮಾ ಸ್ಟುಡಿಯೋಗಳ ದಾರಿ ಹಿಡಿದರು. ಅಲ್ಲಿ ಇವರಿಗೆ ಭಾರೀ ಬೇಡಿಕೆ. ನಿರ್ದೇಶಕರು ಹಾರ್ಮೋನಿಯಂ ಮೇಲೆ ಧಾಟಿ ಕೊಡುತ್ತಿದ್ದರು. ಅದನ್ನು ಹತ್ತಾರು ವಾದ್ಯಗಳಿಗೆ ಹಂಚಿ, ಪ್ರತಿಯೊಬ್ಬನಿಗೂ ಹಾಳೆಯ ಮೇಲೆ ಬರೆದುಕೊಡುವ ಕೆಲಸ ಗೋವಾದವರದ್ದು. ಸಿ. ರಾಮಚಂದ್ರರ ಜೊತೆ ಚಿಕ್, ಶಂಕರ್-ಜೈಕಿಶನ್ ಜೊತೆ ಸೆಬಾಸ್ಟಿಯನ್ ಡಿಸೋಜಾ. ಆಂಟನಿ ಗೊನ್ಸಾಲ್ವೆಸ್ ಅಂತೂ ಪ್ಯಾರೇಲಾಲ್ ಅವರಿಗೆ ಪಿಟೀಲಿನ ಗುರು. 1977ರ 'ಅಮರ್ ಅಕ್ಬರ್ ಆಂಟನಿ'ಯಲ್ಲಿ ಆ ಹೆಸರು ಹಾಡಾಗಿ ಬಂತು. ದೇಶವೆಲ್ಲ ಹಾಡಿತು. ಅಂಥ ಒಬ್ಬ ಮನುಷ್ಯ ನಿಜಕ್ಕೂ ಇದ್ದಾನೆ ಎಂದು ಗೊತ್ತಿದ್ದವರು ಎಷ್ಟು ಮಂದಿ?

ಲೇಬಲ್ಲುಗಳ ಅನ್ಯಾಯ ವಾದ್ಯದವರಿಗೆ ಮಾತ್ರ ಅಂದುಕೊಳ್ಳಬೇಡಿ. 1949ರ 'ಮಹಲ್' ಚಿತ್ರದ ಹಾಡಿನ ಮೊದಲ ಪ್ಲೇಟುಗಳಲ್ಲಿ ಗಾಯಕಿಯ ಹೆಸರು 'ಕಾಮಿನಿ' ಎಂದಿದೆ. ಅದು ಚಿತ್ರದ ಪಾತ್ರದ ಹೆಸರು. ಹಾಡಿದ್ದು ಲತಾ ಮಂಗೇಶ್ಕರ್! ಅವರಿಗೇ ಹೀಗಾದರೆ ಹಿಂದಿನ ಸಾಲಿನಲ್ಲಿ ಟ್ರಂಪೆಟ್ ಹಿಡಿದು ಕೂತವನ ಗತಿ ಏನು. ಲತಾ ಅವರ ಹೆಸರು ಬೇಗ ಪ್ಲೇಟಿಗೆ ಬಂತು, ಇವರದ್ದು ಬರಲಿಲ್ಲ.

ಆದ್ದರಿಂದ ಈ ಸಂಗ್ರಹದ ಸುಖ ಅರ್ಧ ಪತ್ತೇದಾರಿಯದ್ದು. 1951ರ 'ಅಲ್ಬೇಲಾ' ಪ್ಲೇಟು ಸಿಕ್ಕರೆ 'ಶೋಲಾ ಜೋ ಭಡ್ಕೆ' ಹಾಕಿ ನೋಡಿ. ಚರಚರ ಸದ್ದಿನ ನಡುವೆ ಭಗವಾನ್ ದಾದಾ, ಗೀತಾಬಾಲಿ ಕಣ್ಮುಂದೆ ಬರುತ್ತಾರೆ. ಅವರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಹಿಂದಿನ ವಾದ್ಯಗಳಿಗೆ ಕಿವಿ ಕೊಡಿ. ಅದು ಚಿಕ್ ಮತ್ತು ಅವನ ಬ್ಯಾಂಡು. ಚಿತ್ರದಲ್ಲಿ ಝಾಲರಿನ ತೋಳಿನ ಅಂಗಿ ತೊಟ್ಟು ಅವರೇ ಪರದೆಯ ಮೇಲೂ ಕಾಣುತ್ತಾರೆ. ಹೀಗೆ ಮುಖ ತೋರಿಸುವ ಭಾಗ್ಯ ಎಷ್ಟೋ ಜನಕ್ಕೆ ಸಿಗಲಿಲ್ಲ. ಚಿಕ್ 1967ರಲ್ಲಿ ತೀರಿಕೊಂಡ.

ಮರುವರ್ಷವೇ, 1968ರಲ್ಲಿ, ಶಂಕರ್-ಜೈಕಿಶನ್ 'ರಾಗ ಜಾಝ್ ಸ್ಟೈಲ್' ಎಂಬ ಎಲ್‌ಪಿ ತಂದರು. ತೋಡಿಯಿಂದ ಭೈರವಿಯವರೆಗೆ ಹನ್ನೊಂದು ರಾಗಗಳು, ರಯೀಸ್ ಖಾನರ ಸಿತಾರ್, ಮನೋಹಾರಿ ಸಿಂಗ್ ಅವರ ಸ್ಯಾಕ್ಸೊಫೋನ್. ಇವತ್ತು ಮೂಲ ಪ್ರತಿಗೆ ಕೇಳುವ ಬೆಲೆ ಹೇಳಿದರೆ ಮನೆಯಾಕೆ ಪಾಸ್‌ಬುಕ್ ಬಚ್ಚಿಡುತ್ತಾಳೆ. ನನ್ನನ್ನು ಕೇಳಿದರೆ ಅದು ಚಂದದ ರೆಕಾರ್ಡೇ ಹೊರತು ಮಹತ್ವದ್ದಲ್ಲ. ರಾಗ ಒಂದು ಕಡೆ, ಜಾಝ್ ಇನ್ನೊಂದು ಕಡೆ ಕೂತು ಸೌಜನ್ಯಕ್ಕೆ ಮಾತಾಡಿದ ಹಾಗಿದೆ.

ನಿಜವಾದ ಮಾತುಕತೆ ಕೇಳಬೇಕೆಂದರೆ ಇನ್ನೊಂದು ಎಲ್‌ಪಿ ಹುಡುಕಿ. ಬಾಸ್ಟನ್ನಿನ ಚಾರ್ಲಿ ಮರಿಯಾನೊ, 1963ರಲ್ಲಿ ಚಾರ್ಲ್ಸ್ ಮಿಂಗಸ್‌ನ ತಂಡದಲ್ಲಿ ಊದಿ ಹೆಸರು ಮಾಡಿದವನು, ದಕ್ಷಿಣದ ಸಂಗೀತಕ್ಕೆ ಮರುಳಾಗಿ ನಾಗಸ್ವರವನ್ನೇ ಕಲಿತ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ ಅವನು ಮಾಡಿದ 'ಜ್ಯೋತಿ' 1983ರಲ್ಲಿ ಜರ್ಮನಿಯ ಇಸಿಎಂ ಕಂಪೆನಿಯಿಂದ ಬಂತು. ತಾಳದ ಲೆಕ್ಕದಲ್ಲಿ ನಮ್ಮವರು ಒಂದು ಕೂದಲೂ ಸಡಿಲ ಬಿಡುವುದಿಲ್ಲ, ಅವನೂ ಬಿಡುವುದಿಲ್ಲ. ಮತ್ತೆ ಅದರಲ್ಲಿ ಹೆಸರುಗಳಿವೆ, ವಾದ್ಯದ ಸಮೇತ: ಹಾಡುಗಾರಿಕೆ ಆರ್.ಎ. ರಮಾಮಣಿ, ಮೃದಂಗ ಟಿ.ಎ.ಎಸ್. ಮಣಿ, ಘಟ ಆರ್.ಎ. ರಾಜಗೋಪಾಲ್, ಖಂಜಿರ ಟಿ.ಎನ್. ಶಶಿಕುಮಾರ್.