ಪೈಪ್ ಟ್ಯಾಗ್

ಪೈಪ್ ಟ್ಯಾಗ್ ಎಂಬುದು ಕಟ್ಟಡ ಮಾಹಿತಿ ಮಾದರೀಕರಣ (ಬಿಐಎಂ) ತಂತ್ರಾಂಶಗಳಲ್ಲಿ ನೀರು ಸರಬರಾಜು ಹಾಗೂ ಒಳಚರಂಡಿ ನಕ್ಷೆಗಳ ಮೇಲೆ ಕೊಳವೆಯ ವ್ಯಾಸ, ಇಳಿಜಾರು, ಮಟ್ಟ ಮೊದಲಾದ ವಿವರಗಳನ್ನು ತೋರಿಸುವ ಗುರುತು. 2002ರಲ್ಲಿ ಆಟೋಡೆಸ್ಕ್ ಸಂಸ್ಥೆಯು ಸ್ವಾಧೀನಪಡಿಸಿಕೊಂಡ ರೆವಿಟ್ ತಂತ್ರಾಂಶದಲ್ಲಿ ಈ ಸೌಲಭ್ಯವಿದೆ.

ಕಾರ್ಯವಿಧಾನ

ಟ್ಯಾಗ್ ಸಾಮಾನ್ಯ ಬರಹವಲ್ಲ. ಅದು ಮಾದರಿಯಲ್ಲಿರುವ ಕೊಳವೆಯ ಮಾಹಿತಿಯನ್ನೇ ಓದಿ ತೋರಿಸುತ್ತದೆ. 100 ಮಿ.ಮೀ. ವ್ಯಾಸದ ಕೊಳವೆಯನ್ನು 150 ಮಿ.ಮೀ.ಗೆ ಬದಲಿಸಿದರೆ ಅದರ ಟ್ಯಾಗ್‌ಗಳೆಲ್ಲವೂ ತಾವಾಗಿಯೇ ಬದಲಾಗುತ್ತವೆ. ಬೆರಳಚ್ಚಿಸಿದ ಟಿಪ್ಪಣಿಯಾದರೆ ಹಳೆಯ ಅಳತೆಯನ್ನೇ ಉಳಿಸಿಕೊಳ್ಳುತ್ತದೆ. ಟ್ಯಾಗ್ ಅಳಿಸಿದರೆ ಕೊಳವೆ ಉಳಿಯುತ್ತದೆ. ಕೊಳವೆ ಅಳಿಸಿದರೆ ಟ್ಯಾಗ್ ಕೂಡ ಅಳಿಯುತ್ತದೆ. ಟ್ಯಾಗ್ ಆಯಾ ನೋಟಕ್ಕಷ್ಟೇ ಸೀಮಿತ. ಮಹಡಿ ನಕ್ಷೆಯಲ್ಲಿ ಹಾಕಿದ್ದು ಛೇದ ನಕ್ಷೆಯಲ್ಲಿ ಕಾಣುವುದಿಲ್ಲ. ‘ಟ್ಯಾಗ್ ಆಲ್’ ಆದೇಶದಿಂದ ಒಂದು ನೋಟದ ಎಲ್ಲ ಕೊಳವೆಗಳಿಗೂ ಒಮ್ಮೆಗೇ ಟ್ಯಾಗ್ ಹಾಕಬಹುದು.

ಮಹತ್ವ ಮತ್ತು ಮಿತಿ

ಒಳಚರಂಡಿಯ ನೀರು ಸಾಮಾನ್ಯವಾಗಿ ಗುರುತ್ವಬಲದಿಂದ ಹರಿಯುತ್ತದೆ. ಇಳಿಜಾರು ಸಾಲದಿದ್ದರೆ ಕಶ್ಮಲ ತಂಗಿ ಕೊಳವೆ ಕಟ್ಟಿಕೊಳ್ಳುತ್ತದೆ; ನೆಲದಡಿ ಹುದುಗಿದ ಮೇಲೆ ಅದನ್ನು ಸರಿಪಡಿಸುವುದು ಕಷ್ಟ. ಟ್ಯಾಗ್ ಮಾದರಿಯಲ್ಲಿರುವ ಮೌಲ್ಯವನ್ನು ತೋರಿಸುತ್ತದೆಯೇ ಹೊರತು ಅದು ಸರಿಯೇ ಎಂದು ಪರೀಕ್ಷಿಸುವುದಿಲ್ಲ. ಮಾದರಿಯಲ್ಲಿನ ತಪ್ಪು ಎಲ್ಲ ಹಾಳೆಗಳಲ್ಲಿಯೂ ಒಂದೇ ರೀತಿ ಮೂಡುವುದರಿಂದ, ಹಾಳೆಗಳನ್ನು ಪರಸ್ಪರ ಹೋಲಿಸಿದರೆ ಅದು ಪತ್ತೆಯಾಗದು. ವಿನ್ಯಾಸದ ಲೆಕ್ಕಾಚಾರದೊಂದಿಗೆ ತಾಳೆ ನೋಡಬೇಕಾಗುತ್ತದೆ.