ಹೆಗ್ಗೋಡಿನ ಪ್ರಸನ್ನ ಯಾರು? ನಾಟಕ, ಮಗ್ಗ, ಜಿಎಸ್‌ಟಿ ಉಪವಾಸ: ಇಲ್ಲಿದೆ ಮಾಹಿತಿ

ಸಾಗರ: ಪ್ರಸನ್ನ ಅಂದ್ರೆ ಕೆಲವರಿಗೆ ನಾಟಕದ ಮೇಷ್ಟ್ರು. ಕೆಲವರಿಗೆ ಚರಕದ ಜುಬ್ಬಾ. ಅಂಗಡಿಯವರಿಗೆ, ಜಿಎಸ್‌ಟಿ ವಿರುದ್ಧ ಉಪವಾಸ ಕೂತವರು. ಮೂವರೂ ಒಬ್ಬರೇ.

1951ರಲ್ಲಿ ಹುಟ್ಟಿದ ಪ್ರಸನ್ನ ಕಾನ್ಪುರದ ಐಐಟಿಯಲ್ಲಿ ಸಂಶೋಧನೆಗೆ ಸೇರಿದ್ದರು. ಅದನ್ನು ಅರ್ಧಕ್ಕೆ ಬಿಟ್ಟು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. (ಓದು ಬಿಟ್ಟವರು ಮನೆಯಲ್ಲಿ ಹೇಳಿಕೊಳ್ಳೋಕೆ ಒಳ್ಳೆ ಉದಾಹರಣೆ!)

1975ರಲ್ಲಿ 'ಸಮುದಾಯ' ತಂಡ ಹುಟ್ಟಿತು. ದೇಶದಲ್ಲಿ ತುರ್ತು ಪರಿಸ್ಥಿತಿ ಹೇರಿದ ವರ್ಷ ಅದು. ನಾಟಕವನ್ನು ಸಭಾಂಗಣದಿಂದ ಬೀದಿಗೆ, ಹಳ್ಳಿಗೆ ತಂದ ತಂಡ ಇದು. 'ತಾಯಿ', 'ಗೆಲಿಲಿಯೊ' ನಾಟಕಗಳನ್ನು ಪ್ರಸನ್ನ ನಿರ್ದೇಶಿಸಿದರು. 'ದಂಗೆಯ ಮುಂಚಿನ ದಿನಗಳು', 'ಮಹಿಮಾಪುರ', 'ಹದ್ದು ಮೀರಿದ ಹಾದಿ' ಅವರೇ ಬರೆದ ನಾಟಕಗಳು. ಮುಂದೆ ಮೈಸೂರಿನ ರಂಗಾಯಣದ ನಿರ್ದೇಶಕರೂ ಆದರು.

ಇಷ್ಟಾದರೆ ದೊಡ್ಡ ನಿರ್ದೇಶಕರ ಸಾಲಿಗೆ ಇನ್ನೊಂದು ಹೆಸರು ಅಷ್ಟೇ. ಆದರೆ ಕೆ.ವಿ. ಸುಬ್ಬಣ್ಣನವರ ನೀನಾಸಂ ಇರುವ ಹೆಗ್ಗೋಡಿಗೆ ಬಂದ ಪ್ರಸನ್ನ ಇಲ್ಲೇ ನಿಂತರು. 1990ರ ದಶಕದಲ್ಲಿ ಪಕ್ಕದ ಭೀಮನಕೋಣೆಯಲ್ಲಿ 'ಚರಕ' ಮಹಿಳಾ ಸಹಕಾರ ಸಂಘ ಶುರುವಾಯಿತು. ನೇಯುವವರು, ಬಣ್ಣ ಹಾಕುವವರು, ಹೊಲಿಯುವವರು ಸುತ್ತಮುತ್ತಲ ಹಳ್ಳಿಯ ಹೆಣ್ಣುಮಕ್ಕಳು. ಬಣ್ಣಕ್ಕೆ ನಮ್ಮದೇ ಅಡಿಕೆ ಚೊಗರು! ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುತ್ತಲ್ಲ, ಅದೇ. ಬಟ್ಟೆಗೆ ಹತ್ತಿದರೆ ಹೋಗಲ್ಲ ಅಂತ ಕೊಯ್ಲಿನ ಕಾಲದಲ್ಲಿ ಬೈಸಿಕೊಂಡವರಿಗೆಲ್ಲ ಗೊತ್ತು. ಆ ಹೋಗದ ಕಲೆಯೇ ಇಲ್ಲಿ ಬಣ್ಣವಾಯಿತು. ಮಾರಾಟಕ್ಕೆ 'ದೇಸಿ' ಮಳಿಗೆಗಳು ಬಂದವು.

ನಾಟಕದವರಿಗೆ ಮಗ್ಗ ಯಾಕೆ ಅಂತ ಕೇಳುವವರು ಈಗಲೂ ಇದ್ದಾರೆ. ದುಡಿಯುವವರ ಬಗ್ಗೆ ನಾಟಕ ಆಡುತ್ತಿದ್ದವರು ದುಡಿಯುವವರ ಜೊತೆಗೇ ಕೂತರು, ನಮಗೆ ಕಾಣೋದು ಇಷ್ಟು. 'ಯಂತ್ರಗಳನ್ನು ಕಳಚೋಣ ಬನ್ನಿ' ಅಂತ ಪುಸ್ತಕವನ್ನೂ ಬರೆದರು.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಕೈಮಗ್ಗದ ಬಟ್ಟೆಗೂ ತೆರಿಗೆ ಬಿತ್ತು. ಮಿಲ್ಲಿನ ಬಟ್ಟೆಯನ್ನೂ ಕೈಯಲ್ಲಿ ನೇಯ್ದ ಬಟ್ಟೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ, ಕೈ ಉತ್ಪನ್ನಕ್ಕೆ ತೆರಿಗೆ ಸೊನ್ನೆ ಮಾಡಿ ಅನ್ನೋದು ಪ್ರಸನ್ನ ಅವರ ಬೇಡಿಕೆ. ಕರ ನಿರಾಕರಣೆ ಸತ್ಯಾಗ್ರಹ ನಡೆಸಿದರು. ಅದೇ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಉಪವಾಸ ಕೂತರು. ವಾದ ಸರಿ ಅಂತ ಒಪ್ಪುವ ಅಂಗಡಿಯವರಿಗೂ ಕರ ನಿರಾಕರಣೆ ಸಲೀಸಲ್ಲ ಬಿಡಿ. ಜಿಎಸ್‌ಟಿ ನೋಂದಣಿ ಇದ್ದು ಗ್ರಾಹಕರಿಂದ ತೆರಿಗೆ ತಗೊಳ್ಳದಿದ್ದರೆ ಗಲ್ಲಾಪೆಟ್ಟಿಗೆಯಿಂದಲೇ ಕಟ್ಟಬೇಕು.

ಆಮೇಲೆ ಕೋವಿಡ್. ವ್ಯಾಪಾರ ಕುಸಿದು, 2020ರಲ್ಲಿ ಚರಕ ತಾನು ದಿವಾಳಿಯಾಗಿದ್ದೇನೆ ಅಂತ ಬಹಿರಂಗವಾಗಿ ಘೋಷಿಸಿತು. ಇಂಥ ಸುದ್ದಿಯನ್ನು ಸಾಮಾನ್ಯವಾಗಿ ಮುಚ್ಚಿಡ್ತಾರೆ, ಇವರು ಊರಿಗೇ ಹೇಳಿದರು. ಮಗ್ಗ ನಿಂತರೆ ಮೊದಲ ಹೊಡೆತ ನಿರ್ದೇಶಕರ ಹೆಸರಿಗಲ್ಲ, ಹಳ್ಳಿಯಿಂದ ಕೆಲಸಕ್ಕೆ ಬರುವ ಹೆಣ್ಣುಮಕ್ಕಳ ತಿಂಗಳ ದುಡ್ಡಿಗೆ.